ಡಂಗುರ ಮಾವ ಮತ್ತು ಯಾರೋ ಕೊಟ್ಟ ವ್ಯಾನು

ನನ್ನ ಸೋದರಮಾವನನ್ನು ಊರಿನವರೆಲ್ಲ ಡಂಗುರ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವನೂ ಬೇಸರವಿಲ್ಲದೆ ಓಗೊಡುತ್ತಿದ್ದ. ಬಸ್ ನಿಲ್ದಾಣದ ಮೇಲಂತಸ್ತಿನ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೂಗಿ ಹೇಳುವುದು ಅವನ ನೌಕರಿ. ಬಸ್ಸಿನ ಸಮಾಚಾರದ ಜೊತೆಗೆ ಬೇರೆ ಸಮಾಚಾರಗಳೂ ಆ ಮೈಕಿನಿಂದ ಹೊರಬೀಳುತ್ತಿದ್ದವು. ನಾನು ಹೊಟ್ಟೆಯಲ್ಲಿರುವ ಸುದ್ದಿ ನನ್ನ ಅಪ್ಪನಿಗೆ ಗೊತ್ತಾದದ್ದು ಹಾಗೆ. ಅಪ್ಪ ಕೆಳಗೆ ಬಸ್ಸಿಗೆ ಕಾಯುತ್ತ ಕಡಲೆಕಾಯಿ ಸುಲಿಯುತ್ತಿದ್ದನಂತೆ. ಮೇಲಿಂದ ಧ್ವನಿವರ್ಧಕ, “ಭಾವ, ಎಲ್ಲಿದ್ದರೂ ಮನೆಗೆ ಹೋಗಿ, ಅಕ್ಕನಿಗೆ ಮೂರು ತಿಂಗಳು,” ಎಂದಿತಂತೆ. ನಿಲ್ದಾಣದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಮ್ಮ ತಮ್ಮನ ಜೊತೆ ಮೂರು ತಿಂಗಳು ಮಾತು ಬಿಟ್ಟಳು.

ಮಾವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಸುದ್ದಿ ಅವನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟೆ. ಬಾಯಿ ಮುಚ್ಚಿಸಿದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಅವನಿಗೆ ದಪ್ಪನೆಯ ಎರಡು ಹುಬ್ಬುಗಳಿದ್ದವು. ಬಾಯಿ ಸುಮ್ಮನಿದ್ದರೆ ಅವು ಮಾತಾಡುತ್ತಿದ್ದವು. “ಪಕ್ಕದ ಮನೆಯ ಹುಡುಗಿಗೆ ಗಂಡು ಗೊತ್ತಾಯ್ತಾ?” ಎಂದು ಅತ್ತೆ ಕೇಳುತ್ತಿದ್ದಳು. ಮಾವ ತುಟಿ ಬಿಗಿಹಿಡಿಯುತ್ತಿದ್ದ. ಎಡಹುಬ್ಬು ಮೆಲ್ಲಗೆ ಏರುತ್ತಿತ್ತು. “ಗೊತ್ತಾಗಿದೆ, ಆದ್ರೆ ಹುಡುಗಿಗೆ ಇಷ್ಟವಿಲ್ಲ,” ಎಂದು ಅತ್ತೆ ಓದಿ ಹೇಳಿಬಿಡುತ್ತಿದ್ದಳು.

ಆಮೇಲೆ ನಿಲ್ದಾಣಕ್ಕೆ ರೆಕಾರ್ಡು ಮಾಡಿದ ದನಿ ಬಂತು. ಮಾವನನ್ನು ಮನೆಗೆ ಕಳಿಸಿದರು. ಮನೆಯಲ್ಲಿ ಕೂತ ಮಾವ ಬೀದಿಯ ಸಮಾಚಾರ ಹೇಳತೊಡಗಿದ. ಮೈಕಿಲ್ಲದಿದ್ದರೂ ಬೀದಿಯ ಆ ತುದಿಯವರೆಗೆ ಕೇಳಿಸುತ್ತಿತ್ತು. ಅತ್ತೆ ತಡೆಯಲಾರದೆ ಗಾಲಿಕುರ್ಚಿ ಸಂಘದಲ್ಲಿ ಅವನಿಗೊಂದು ಕೆಲಸ ಹುಡುಕಿಕೊಟ್ಟಳು.

ಆ ಸಂಘಕ್ಕೆ ಉದ್ದನೆಯ ಬೇರೆ ಹೆಸರಿತ್ತು, ಯಾರೂ ಬಳಸುತ್ತಿರಲಿಲ್ಲ. ಕಾಲು ಮುರಿದವರಿಗೆ, ಹಾಸಿಗೆ ಹಿಡಿದವರಿಗೆ ಗಾಲಿಕುರ್ಚಿ, ಊರುಗೋಲು, ವಾಕರು, ಗಾಳಿಹಾಸಿಗೆ ಇವನ್ನೆಲ್ಲ ಬಾಡಿಗೆಯಿಲ್ಲದೆ ಕೊಟ್ಟು, ವಾಸಿಯಾದ ಮೇಲೆ ವಾಪಸು ಪಡೆಯುವುದು ಅದರ ಕೆಲಸ. ಜಾಗ ಮೊದಲು ಚಪ್ಪಲಿ ಅಂಗಡಿಯಾಗಿತ್ತು. ಬೂಟಿನ ಡಬ್ಬಿಗಳಿದ್ದ ಗೂಡುಗಳಲ್ಲಿ ಈಗ ಊರುಗೋಲುಗಳಿದ್ದವು. ಪಾದ ನೋಡಿಕೊಳ್ಳಲು ಗೋಡೆಯ ಬುಡದಲ್ಲಿ ಓರೆಯಾಗಿ ನಿಲ್ಲಿಸಿದ್ದ ಕನ್ನಡಿಗಳನ್ನು ಯಾರೂ ತೆಗೆದಿರಲಿಲ್ಲ. ಹಾಗಾಗಿ ಒಳಗೆ ಬಂದವರ ಮುಖಕ್ಕಿಂತ ಮೊದಲು ಅವರ ಕಾಲು, ಇಲ್ಲವೇ ಗಾಲಿ ನಮಗೆ ಕಾಣುತ್ತಿತ್ತು. ನಾನೂ ಅಲ್ಲೇ ಕೆಲಸಕ್ಕಿದ್ದೆ. ವಾಪಸು ಬಂದ ಸಾಮಾನನ್ನು ತೊಳೆಯುವುದು, ಊರುಗೋಲಿನ ತುದಿಯ ಸವೆದ ರಬ್ಬರು ಬದಲಾಯಿಸುವುದು ನನ್ನ ಪಾಲಿಗೆ. ಬಾಗಿಲ ಬಳಿಯ ಮೇಜಿನಲ್ಲಿ ಕೂತು ಬಂದವರನ್ನು ಮಾತಾಡಿಸುವುದು ಮಾವನ ಪಾಲಿಗೆ. ಆ ಕೆಲಸಕ್ಕೆ ಅವನಷ್ಟು ಒಪ್ಪುವವರು ಬೇರೆ ಇರಲಿಲ್ಲ.

ಆಗ ದಾನಿಗಳ ಗೌಪ್ಯತೆಯ ಕಾನೂನು ಬಂತು. ಇಂಥ ಸಂಘಕ್ಕೆ ಕೊಟ್ಟವರ ಹೆಸರನ್ನು, ಅವರೇ ಒಪ್ಪಿ ಬರೆದುಕೊಡುವ ತನಕ, ಯಾರೂ ಯಾರಿಗೂ ಹೇಳಕೂಡದು. ನ್ಯಾಯಾಲಯ ಆಜ್ಞೆ ಮಾಡಿದರೆ ಮಾತ್ರ ಹೇಳಬೇಕು. ಪ್ರತಿ ಸಂಘದಲ್ಲೂ ಒಬ್ಬ ಗೌಪ್ಯತಾ ಅಧಿಕಾರಿ ಇರಬೇಕು. ಹೆಸರು ಅವನೊಬ್ಬನಿಗೇ ಗೊತ್ತಿರಬೇಕು, ಅಧ್ಯಕ್ಷರಿಗೂ ಗೊತ್ತಿರಕೂಡದು. ಹೊರಗೆ ಬಂದರೆ ಅವನಿಗೇ ಜೈಲು.

ಸಮಿತಿಯ ಸಭೆಯಲ್ಲಿ ವಕೀಲರು ಇದನ್ನು ಓದಿ ಮುಗಿಸುತ್ತಿದ್ದಂತೆ ಎಲ್ಲರೂ ತಮ್ಮ ತಮ್ಮ ಟೀ ಲೋಟ ನೋಡತೊಡಗಿದರು.

“ನನ್ನಿಂದ ಆಗಲ್ಲ. ಹೆಚ್ಚುಕಮ್ಮಿ ಆದ್ರೆ ವಕೀಲಿ ಸನದು ಹೋಗುತ್ತೆ,” ಎಂದರು ವಕೀಲರು.

“ನಾನು ನಿದ್ದೇಲಿ ಮಾತಾಡ್ತೀನಿ. ಬೇಕಾದ್ರೆ ನನ್ನ ಹೆಂಡ್ತೀನ ಕೇಳಿ,” ಎಂದರು ಖಜಾಂಚಿ.

ಅಧ್ಯಕ್ಷೆ ಡಾಕ್ಟರಮ್ಮ ನಿವೃತ್ತ ದಂತವೈದ್ಯೆ, ಊರಿಗೆ ಹೊಸಬರು. ರೋಗಿಯ ಬಾಯಲ್ಲಿ ಇಕ್ಕಳವಿಟ್ಟುಕೊಂಡೇ ಪ್ರಶ್ನೆ ಕೇಳಿ ಕೇಳಿ, ಉತ್ತರಕ್ಕೆ ಕಾಯುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು. ಅವರು ಸುತ್ತಲೂ ನೋಡಿದರು. ಮೂಲೆಯಲ್ಲಿ ಮಾವ ಕೊರಳಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು ಕೂತಿದ್ದ. ಆ ವಾರ ಅವನ ಗಂಟಲು ಕಟ್ಟಿಹೋಗಿ ಒಂದಕ್ಷರವೂ ಹೊರಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವನಿಗೆ ಹಾಗಾದದ್ದು ಅದೊಂದೇ ಸಲ.

“ಇವರನ್ನ ನೋಡಿ, ಇಷ್ಟು ಹೊತ್ತಿಂದ ಒಂದು ಮಾತೂ ಆಡಿಲ್ಲ. ಇಂಥೋರು ಬೇಕು,” ಎಂದರು ಡಾಕ್ಟರಮ್ಮ.

ಖಜಾಂಚಿ ಕೆಮ್ಮಿದರು. ಮಾವ ಎದ್ದು ನಿಂತು ಎರಡೂ ಕೈ ಆಡಿಸಿದ, ತಲೆ ಆಡಿಸಿದ, ಗಂಟಲು ತೋರಿಸಿದ, ಬಾಗಿಲು ತೋರಿಸಿದ. “ಎಷ್ಟು ವಿನಯ!” ಎಂದು ಡಾಕ್ಟರಮ್ಮ ಸಹಿ ಹಾಕಿಬಿಟ್ಟರು. ಮಾವನನ್ನು ಬಲ್ಲವರು ಬೇಡ ಎನ್ನಬಹುದಿತ್ತು. ಆದರೆ ಬೇಡ ಎಂದವರ ತಲೆಗೇ ಅದು ಬರುತ್ತಿತ್ತು. ಹಾಗಾಗಿ ಎಲ್ಲರೂ ಚಪ್ಪಾಳೆ ತಟ್ಟಿದರು.

ದನಿ ಬಂದ ಮೇಲೆ ಮಾವ ಮೊದಲು ಓಡಿದ್ದು ವಕೀಲರ ಮನೆಗೆ. ಕಾನೂನಿನ ಒಂದು ಸಾಲು ಅವನ ನಿದ್ದೆ ಕೆಡಿಸಿತ್ತು. ಹೆಸರನ್ನು ‘ಮಾತಿನಿಂದಾಗಲಿ, ಬರಹದಿಂದಾಗಲಿ, ಸನ್ನೆಯಿಂದಾಗಲಿ’ ಬಹಿರಂಗ ಮಾಡತಕ್ಕದ್ದಲ್ಲ.

“ಸಾರ್, ಹುಬ್ಬು ಸನ್ನೇಲಿ ಬರುತ್ತಾ?”

ವಕೀಲರು ಅವನ ಮುಖವನ್ನೇ ನೋಡಿದರು. “ಸಾಮಾನ್ಯವಾಗಿ ಬರಲ್ಲ. ನಿಮ್ಮದು ಬರುತ್ತೆ.”

ಮಾರನೆಯ ದಿನದಿಂದ ಮಾವ ಕೆಲಸಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು ಬರತೊಡಗಿದ. ಅತ್ತೆಯ ತಾಯಿಗೆ ಕಣ್ಣಿನ ಪೊರೆ ತೆಗೆದಾಗ ಆಸ್ಪತ್ರೆಯವರು ಕೊಟ್ಟಿದ್ದ ಕನ್ನಡಕ ಅದು, ಪಕ್ಕಗಳೂ ಮುಚ್ಚಿಕೊಳ್ಳುವಂಥದ್ದು. ಹುಬ್ಬು ಪೂರ್ತಿ ಒಳಗೆ ಹೋಗುತ್ತಿತ್ತು. ಸಾಮಾನು ಕೇಳಲು ಬಂದವರು ಅವನನ್ನೇ ಕಣ್ಣಿನ ರೋಗಿಯೆಂದುಕೊಂಡು ಕೈಹಿಡಿದು ಕುರ್ಚಿಯ ಮೇಲೆ ಕೂರಿಸುತ್ತಿದ್ದರು.

ಹೀಗಿರುವಾಗ ಡ್ರೈವಿಂಗ್ ಸ್ಕೂಲಿನ ಅಕ್ಕ ಬಂದರು. ಈ ಹೆಸರನ್ನು ನಾನು ಬಾಯಿ ಬಿಡಬಹುದು. ಅಕ್ಕನೇ ಈಗ ಒಪ್ಪಿ ಬರೆದುಕೊಟ್ಟಿದ್ದಾರೆ, ಮಾತೆಲ್ಲ ಹೇಗೆ ನಡೆಯಿತೆಂದು ನನಗೆ ಹೇಳಿದವರೂ ಅವರೇ. ಅವತ್ತು ಮಾತ್ರ ನನಗೆ ಏನೂ ಗೊತ್ತಾಗಲಿಲ್ಲ. ಮಾವ ನನ್ನನ್ನು ಹಿಂದಿನ ಕೋಣೆಗೆ ಕಳಿಸಿ ಬಾಗಿಲು ಹಾಕಿಕೊಂಡಿದ್ದ.

ಅಕ್ಕನ ಹತ್ತಿರ ಎರಡು ಕಡೆ ಬ್ರೇಕಿರುವ ಹಳೇ ಕಾರುಗಳಿದ್ದವು. ಊರಿನಲ್ಲಿ ಸ್ಟೀರಿಂಗು ಹಿಡಿದವರೆಲ್ಲ ಅವರ ಕೈಲಿ ಬೈಸಿಕೊಂಡೇ ಕಲಿತವರು. ಅವರ ದನಿ ಕೇಳಿದರೆ ರಸ್ತೆ ದಾಟುತ್ತಿದ್ದ ಎಮ್ಮೆಯೂ ಹಿಂದಕ್ಕೆ ಹೋಗುತ್ತಿತ್ತು. ಅವರು ಮಾವನ ಎದುರು ಕೂತು ಹೇಳಿದರು:

“ಒಂದು ವ್ಯಾನು ಕೊಡ್ತೀನಿ. ಕುರ್ಚಿ ಸಮೇತ ಹತ್ತಿಸೋಕೆ ಹಿಂದೆ ಇಳಿಜಾರು ಹಲಗೆ ಹಾಕಿಸಿದ್ದೀನಿ. ನಡೆಯೋಕಾಗದ ಜನಾನ ನೀವು ಸಾಮಾನಿನ ಗಾಡೀಲಿ ಸಿಲಿಂಡರ್ ಪಕ್ಕ ಕೂರಿಸಿ ಆಸ್ಪತ್ರೆಗೆ ಕಳಿಸೋದು ನೋಡೋಕಾಗಲ್ಲ ನಂಗೆ. ಆದ್ರೆ ನನ್ನ ಹೆಸರು ಬಾಯಿ ಬಿಟ್ರೆ ಹುಷಾರ್.”

“ಯಾಕಕ್ಕಾ? ಒಳ್ಳೇ ಕೆಲಸ ಅಲ್ವಾ ಇದು?”

“ಒಳ್ಳೇ ಕೆಲಸಾನೇ. ತೊಂದ್ರೆ ಇರೋದೇ ಅಲ್ಲಿ. ನನ್ನ ತಮ್ಮಂದಿರು ಬಾಗಿಲಲ್ಲಿ ಬಂದು ಕೂರ್ತಾರೆ, ಊರಿಗೆ ವ್ಯಾನು ಕೊಟ್ಟೋಳು ನಮಗೇನು ಕೊಟ್ಟೆ ಅಂತ. ಅವರನ್ನ ಹೇಗೋ ಸಂಭಾಳಿಸ್ತೀನಿ. ನಾನು ಒಳ್ಳೆಯವಳು ಅಂತ ಊರಿಗೆ ಗೊತ್ತಾದ್ರೆ ಸ್ಕೂಲು ಮುಚ್ಚಬೇಕಾಗುತ್ತೆ. ನಾನು ‘ಬ್ರೇಕ್’ ಅಂದ ತಕ್ಷಣ ಕಲಿಯೋರ ಕಾಲು ಯಾಕೆ ಹೋಗುತ್ತೆ ಹೇಳು? ಹೆದರಿಕೆಗೆ. ಈ ಹೆಂಗಸಿನ ಮನಸ್ಸು ಮೆತ್ತಗಿದೆ ಅಂತ ಗೊತ್ತಾದ್ರೆ ಕಾಲು ಯೋಚನೆ ಮಾಡುತ್ತೆ. ಕಾಲು ಯೋಚನೆ ಮಾಡಿದ್ರೆ ಜನ ಸಾಯ್ತಾರೆ.”

ಮಾವ ಕನ್ನಡಕವನ್ನು ಇನ್ನಷ್ಟು ಒತ್ತಿಕೊಂಡು, “ಸತ್ರೂ ಹೇಳಲ್ಲಕ್ಕಾ,” ಎಂದ.

ಹೇಳಿದ್ದೇನೋ ಆಯಿತು. ಆಮೇಲೆ ಅವನು ಪಟ್ಟ ಪಾಡು ನಾನು ಕಣ್ಣಾರೆ ಕಂಡದ್ದು. ಊಟ ಸೇರುತ್ತಿರಲಿಲ್ಲ. ಸಂಘದಲ್ಲಿ ಗಾಳಿಹಾಸಿಗೆಗೆ ಗಾಳಿ ತುಂಬಲು ಪಂಪಿತ್ತು. ಅದನ್ನು ಪಕ್ಕಕ್ಕಿಟ್ಟು ಬಾಯಿಂದಲೇ ಊದಿ ಊದಿ ತುಂಬುತ್ತಿದ್ದ. “ಯಾಕ್ ಮಾವ ಹೀಗೆ?” ಎಂದರೆ, “ಗಾಳಿಯಾಗಿ ಆದ್ರೂ ಸ್ವಲ್ಪ ಹೊರಗೆ ಹೋಗ್ಲಿ ಪುಟ್ಟಿ,” ಎನ್ನುತ್ತಿದ್ದ. ಯಾವ ಪ್ರಶ್ನೆಯ ಹಿಂದೆ ಯಾವ ಪ್ರಶ್ನೆ ಅಡಗಿದೆಯೋ ಎಂಬ ಭಯಕ್ಕೆ ಎಲ್ಲಕ್ಕೂ ಒಂದೇ ಉತ್ತರ ಕೊಡುವುದನ್ನು ರೂಢಿಸಿಕೊಂಡ. ಅತ್ತೆ, “ಏನ್ರೀ, ನಾಳೆ ಬೇಗ ಹೋಗ್ಬೇಕಾ?” ಎಂದರೆ, “ಹೇಳೋಕೆ ಆಗಲ್ಲ.” “ಸಾರಿಗೆ ಉಪ್ಪು ಸರಿಯಿದೆಯಾ?” “ಹೇಳೋಕೆ ಆಗಲ್ಲ.” ಇಷ್ಟು ವರ್ಷ ಊರಿನ ಸುದ್ದಿಯನ್ನೆಲ್ಲ ಊಟದ ಜೊತೆ ಉಂಡ ಅತ್ತೆಗೆ ಇದು ಉಪವಾಸವಾಯಿತು. ಒಂದು ಸಂಜೆ ಅವಳು ಕಣ್ಣೊರೆಸಿಕೊಂಡು, “ನಮ್ಮಿಬ್ಬರ ಮಧ್ಯೆ ಯಾರೋ ಬಂದಿದ್ದಾರೆ,” ಎಂದಳು. ಮಾವ, “ಹೇಳೋಕೆ ಆಗಲ್ಲ,” ಎಂದ. ಅವಳು ಪಾತ್ರೆಯನ್ನು ಕುಕ್ಕಿದ ಸದ್ದಿಗೆ, ಅವರ ಮನೆಯ ಮಹಡಿಯಲ್ಲೇ ವಾಸವಿದ್ದ ನಾನು ಇಳಿದು ಬಂದೆ.

ಒಂದು ಬೆಳಿಗ್ಗೆ ವ್ಯಾನು ಸಂಘದ ಮುಂದೆ ಬಂದು ನಿಂತಿತ್ತು. ಬಿಳಿ ಬಣ್ಣ, ಹಿಂದೆ ಮಡಚುವ ಹಲಗೆ, ಒಳಗೆ ಕುರ್ಚಿಗಳನ್ನು ಬಿಗಿಯಲು ಪಟ್ಟಿಗಳು. ಬೀಗದ ಕೈ ಲಕೋಟೆಯಲ್ಲಿತ್ತು. ಊರು ನೆರೆಯಿತು. ಯಾರು, ಯಾರು, ಯಾರು! ಔಷಧಿ ಅಂಗಡಿಯವರು ಮಾವನ ಮೇಜಿನ ಮೇಲೆ ಮೊಣಕೈ ಊರಿ ನಿಂತೇಬಿಟ್ಟರು. ಪಕ್ಕದ ಜೆರಾಕ್ಸ್ ಅಂಗಡಿಯವನು ತಾಯಿಯ ಊರುಗೋಲು ವಾಪಸು ಕೊಡಲು ಬಂದು ಅಲ್ಲೇ ನಿಂತಿದ್ದ. ಸಣಕಲು ಆಳು, ಎರಡೇ ಅಂಗಿ, ಶಾಯಿ ಹತ್ತಿದ ಬೆರಳು. ಊರಿಗೆಲ್ಲ ಅವನು ಜೆರಾಕ್ಸ್ ಅಣ್ಣ.

ಔಷಧಿಯವರು ನಗುತ್ತ ಅವನ ಹೆಗಲು ತಟ್ಟಿ, “ಏನ್ ಡಂಗುರಣ್ಣ, ನಮ್ಮ ಜೆರಾಕ್ಸೇ ಕೊಟ್ಟನೇನೋ ವ್ಯಾನು?” ಎಂದರು.

“ಹೇಳೋಕೆ ಆಗಲ್ಲ,” ಎಂದ ಮಾವ.

ಎಲ್ಲರ ನಗು ನಿಂತಿತು. ಎಲ್ಲರೂ ಜೆರಾಕ್ಸ್ ಅಣ್ಣನ ಕಡೆ ತಿರುಗಿದರು. ಅವನು ತನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಊರು ತೀರ್ಮಾನ ಮಾಡಿತ್ತು. ಡಂಗುರನಂಥ ಡಂಗುರನೇ ‘ಅಲ್ಲ’ ಎಂದು ಹೇಳಲಿಲ್ಲ ಎಂದ ಮೇಲೆ ಇನ್ನೇನು? ಜೆರಾಕ್ಸ್ ಅಣ್ಣ ನಾನಲ್ಲ ಎಂದು ಕೂಗಿದಷ್ಟೂ ಜನ, “ನೋಡಿ, ಎಡಗೈಗೆ ಗೊತ್ತಾಗದ ಹಾಗೆ ಕೊಟ್ಟಿದ್ದಾನೆ,” ಎಂದು ಕೈಮುಗಿದರು. ಬಸ್ಸಿನಲ್ಲಿ ಎದ್ದು ಜಾಗ ಕೊಟ್ಟರು. ಅಂಗಡಿಗೆ ಬಂದವರು, “ವ್ಯಾನು ಕೊಟ್ಟೋರಿಗೆ ನಾಲ್ಕು ಪ್ರತಿ ಯಾವ ಲೆಕ್ಕ?” ಎಂದು ಕಾಸು ಕೊಡದೆ ಹೋದರು. ಶಾಲೆಯ ದೊಡ್ಡ ಟೀಚರು ಮಕ್ಕಳನ್ನು ಸಾಲಾಗಿ ಕರೆದುಕೊಂಡು ಬಂದು, ಶೌಚಾಲಯಕ್ಕೆ ಸೂರು ಬೇಕೆಂದು ಅವನ ಮುಂದೆ ಹಾಡಿಸಿದರು. ಇದೆಲ್ಲಕ್ಕಿಂತ ಕಷ್ಟ ಮನೆಯಲ್ಲಿ.

“ಫ್ರಿಜ್ ಕೇಳಿದ್ರೆ ಮುಂದಿನ ವರ್ಷ ಅಂತೀರ. ಊರಿಗೆ ವ್ಯಾನು!” ಎಂದಳಂತೆ ಹೆಂಡತಿ.

“ನಿನ್ನಾಣೆ ನಾನಲ್ಲ ಕಣೇ.”

“ಆಣೆ ಬೇರೆ ಸುಳ್ಳು!”

ಅವನು ಓಡಿಬಂದು ಮಾವನ ಕೈ ಹಿಡಿದುಕೊಂಡ. “ಡಂಗುರಣ್ಣ, ನನ್ನ ಬದುಕು ಮೂರಾಬಟ್ಟೆ ಆಗಿದೆ. ನಾನಲ್ಲ ಅಂತ ಒಂದು ಮಾತು ಹೇಳಿಬಿಡಿ. ಬಸ್ ಸ್ಟ್ಯಾಂಡಲ್ಲಿ ಊರಿನ ಗುಟ್ಟೆಲ್ಲ ಹೇಳ್ತಿದ್ರಲ್ಲ, ಇದೊಂದು ಹೇಳೋಕೇನು?”

ಮಾವ ಅವನ ಕೈಯನ್ನು ತಾನೂ ಹಿಡಿದುಕೊಂಡ. “ನೀನಲ್ಲ ಅಂದೆ ಅನ್ಕೋ. ನಾಳೆ ಔಷಧಿಯವರು ಬಂದು ‘ನಾನೂ ಅಲ್ಲ ತಾನೆ?’ ಅಂತಾರೆ. ಅಲ್ಲ ಅನ್ಬೇಕಾಗುತ್ತೆ. ನಾಡಿದ್ದು ಇನ್ನೊಬ್ಬರು. ಹೀಗೆ ಅಲ್ಲ ಅಲ್ಲ ಅಂತ ಹೋಗ್ತಾ ಹೋಗ್ತಾ ಒಬ್ಬರ ಹತ್ರ ನನ್ನ ಬಾಯಿ ನಿಲ್ಲುತ್ತೆ. ಅಲ್ಲಿಗೆ ಅವರು ಸಿಕ್ಕಿಬಿದ್ರು. ಅದಕ್ಕೇ ಹೌದೂ ಇಲ್ಲ, ಅಲ್ಲವೂ ಇಲ್ಲ.”

“ಅಂದ್ರೆ ಆ ಒಬ್ಬರು ನಾನಲ್ಲ ಅಂತಾಯ್ತಲ್ಲ!”

“ಅದನ್ನೂ ಹೇಳೋಕೆ ಆಗಲ್ಲಪ್ಪ.”

ಜೆರಾಕ್ಸ್ ಅಣ್ಣ ಕೆಳಗೆ ಕುಸಿದು ಕೂತ. ಗೋಡೆಯ ಬುಡದ ಕನ್ನಡಿಯಲ್ಲಿ ಅವತ್ತು ಮೊದಲ ಸಲ ಒಂದು ಮುಖ ಕಾಣಿಸಿತು.

ಕೊನೆಗೆ ಅವನು, ಆ ಕಾನೂನನ್ನು ನೋಡಿಕೊಳ್ಳುವ ಗೌಪ್ಯತಾ ಪ್ರಾಧಿಕಾರಕ್ಕೆ ದೂರು ಕೊಟ್ಟ. ವಿಚಾರಣೆಗೆ ಮಾವನ ಜೊತೆ ನಾನೂ ಹೋದೆ. ಕಚೇರಿಯ ಜವಾನ ಬಾಗಿಲಿಗೆ ಬಂದು, “ಹೆಸರು ಹೇಳಬಾರದವರು ಒಳಗೆ ಬನ್ನಿ!” ಎಂದು ಕೂಗಿದ. ಬೆಂಚಿನಿಂದ ಮೂವರು ಎದ್ದರು. ಮೂವರೂ ಒಬ್ಬರನ್ನೊಬ್ಬರು ನೋಡಿ ಮತ್ತೆ ಕೂತರು. ಅಂತೂ ನಮ್ಮವನನ್ನು ಗುರುತಿಸಿ ಒಳಗೆ ಕರೆದು ಹಸಿರು ಪರದೆಯ ಹಿಂದೆ ಕೂರಿಸಿದರು. ದೂರುದಾರನ ಗುರುತು ಯಾರಿಗೂ ಸಿಗಬಾರದಂತೆ. ಪರದೆ ಗಿಡ್ಡವಾಗಿದ್ದು ಅವನ ಚಪ್ಪಲಿ ಕಾಣುತ್ತಿತ್ತು. ಜವಾನ ಅದರ ಮೇಲೊಂದು ಟವೆಲು ಹೊದಿಸಿದ.

ವಿಚಾರಣೆ ನಡೆಸುವ ಅಧಿಕಾರಿ ನಡುವಯಸ್ಸಿನ ಹೆಂಗಸು. “ನೀವು ದಾನಿಯಾ?” ಎಂದು ಪರದೆಯನ್ನು ಕೇಳಿದರು.

“ಅಲ್ಲ ಮೇಡಂ! ಅದೇ ನನ್ನ ದೂರು!” ಎಂದಿತು ಪರದೆ.

“ದಾನಿ ಅಲ್ಲದಿದ್ರೆ ಈ ಕಾನೂನಲ್ಲಿ ದೂರು ಕೊಡೋಕೆ ಬರಲ್ಲ.”

“ಸರಿ, ದಾನಿ ಅಂತಲೇ ಇಟ್ಕೊಳ್ಳಿ.”

“ದಾನಿ ಆದ್ರೆ ನಿಮ್ಮ ಹೆಸರನ್ನ ಇವರು ಯಾರಿಗೂ ಹೇಳಿಲ್ಲ. ಕೇಳಿದ್ರೂ ಹೇಳಿಲ್ಲ. ಮತ್ತೆ ದೂರೇನು?”

ಪರದೆ ಅಲುಗಾಡಿತು. ಒಳಗಿಂದ ಬಿಕ್ಕುವ ಸದ್ದು ಬಂತು. ಅಧಿಕಾರಿ ಲೇಖನಿ ಕೆಳಗಿಟ್ಟು ಮೆತ್ತಗಿನ ದನಿಯಲ್ಲಿ ಮಾತಾಡಿದರು.

“ನಿಮ್ಮ ಕಷ್ಟ ನಂಗೆ ಅರ್ಥವಾಗುತ್ತೆ. ಹಿಂದೆ ನಾನಿದ್ದ ಊರಲ್ಲಿ ಗಂಡನ ಏಟು ತಾಳದೆ ಓಡಿಬಂದ ಹೆಂಗಸರಿಗೆ ಒಂದು ಆಶ್ರಯ ಇತ್ತು. ಅದಕ್ಕೆ ಬಾಡಿಗೆ ಕಟ್ತಿದ್ದೋರು ಒಬ್ಬ ಬಳೆ ಅಂಗಡಿಯಮ್ಮ. ಹೆಸರು ಹೇಗೋ ಹೊರಗೆ ಬಂತು. ಆ ಗಂಡಂದಿರು ಸೇರ್ಕೊಂಡು ಅಂಗಡಿಗೆ ಬೆಂಕಿ ಹಾಕಿದ್ರು. ಬಳೆಯೆಲ್ಲ ಕರಗಿ ನೆಲಕ್ಕೆ ಅಂಟಿದ್ದನ್ನ ನಾನು ನೋಡಿದ್ದೀನಿ. ಅಲ್ಲಿ ಯಾರೂ ಆಯಮ್ಮನ ಹೆಸರು ಹೇಳಿರಲಿಲ್ಲ. ಬೇರೆಯವರ ಹೆಸರು ಕೇಳಿದಾಗೆಲ್ಲ ಅಲ್ಲ, ಅಲ್ಲ ಅಂದಿದ್ರು, ಅಷ್ಟೆ.”

ಮಾವ ಕನ್ನಡಕದ ಒಳಗೆ ಬೆರಳು ತೂರಿಸಿ ಕಣ್ಣೊರೆಸಿಕೊಂಡ. ಅಲ್ಲಿಯವರೆಗೆ ಅವನು ಜೈಲಿಗೆ ಹೆದರಿ ಬಾಯಿ ಕಟ್ಟಿದ್ದ. ಅವತ್ತಿನಿಂದ ಅವನಿಗೆ ಆ ಹೆದರಿಕೆ ಹೋಯಿತು. ಬಾಯಿ ಮಾತ್ರ ಇನ್ನೂ ಗಟ್ಟಿಯಾಯಿತು.

ಆದೇಶ ಹೀಗೆ ಬಂತು: ‘ದೂರುದಾರರು ದಾನಿಯಾಗಿರಬಹುದು, ಆಗಿಲ್ಲದೆಯೂ ಇರಬಹುದು. ಎರಡರಲ್ಲಿ ಯಾವುದೆಂದು ಯಾರೂ ಒತ್ತಾಯಿಸಿ ಕೇಳತಕ್ಕದ್ದಲ್ಲ.’ ಜೆರಾಕ್ಸ್ ಅಣ್ಣ ಕುಣಿದಾಡಿದ. ಅಂಗಡಿಯ ಯಂತ್ರ ಬಿಸಿಯಾಗುವವರೆಗೆ ಪ್ರತಿ ತೆಗೆದು, ಕಂಬ ಕಂಬಕ್ಕೆ ಅಂಟಿಸಿ, ಕಂಡಕಂಡವರ ಕೈಗೆ ಹಂಚಿದ. ಒಂದು ಸಂಗತಿ ಮಾತ್ರ ಅವನು ನೋಡಿರಲಿಲ್ಲ. ಕಾನೂನಿನ ಪ್ರಕಾರ ದೂರುದಾರನ ಹೆಸರಿನ ಮೇಲೆ ಕಪ್ಪು ಮಸಿ ಬಳಿದಿದ್ದರು. ಅದು ಯಾರ ಆದೇಶ ಬೇಕಾದರೂ ಆಗಬಹುದಿತ್ತು.

ಇದನ್ನು ಮೊದಲು ಕಂಡುಕೊಂಡವರು ಕಂಟ್ರಾಕ್ಟರು. ಅವರು ಹಾಕಿಸಿದ ರಸ್ತೆ ಒಂದು ಮಳೆಗಾಲವನ್ನೂ ತಡೆದದ್ದಿಲ್ಲ. ಆದರೂ ವ್ಯಾಪಾರಿಗಳ ಸಂಘದ ಚುನಾವಣೆಗೆ ನಿಂತಿದ್ದರು. ಆದೇಶದ ಒಂದು ಪ್ರತಿಗೆ ಚೌಕಟ್ಟು ಹಾಕಿಸಿ ಮನೆಯ ಹಜಾರದಲ್ಲಿ ತೂಗುಹಾಕಿದರು. ಯಾರಾದರೂ ಇದೇನೆಂದು ಕೇಳಿದರೆ, “ಒತ್ತಾಯ ಮಾಡ್ಬೇಡಿ,” ಎಂದು ಆಕಾಶ ನೋಡುತ್ತಿದ್ದರು. ಅಷ್ಟು ಸಾಲದೆ ಹತ್ತಾರು ಜನರನ್ನು ಕಟ್ಟಿಕೊಂಡು ನಮ್ಮ ಸಂಘಕ್ಕೇ ಬಂದರು.

“ಡಂಗುರಣ್ಣ, ಇಷ್ಟೂ ಜನರ ಮುಂದೆ ಕೇಳ್ತೀನಿ. ಆ ವ್ಯಾನು ಕೊಟ್ಟದ್ದು ನಾನಾ?”

“ಹೇಳೋಕೆ ಆಗಲ್ಲ.”

ಕಂಟ್ರಾಕ್ಟರು ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದರು. ಹಿಂದಿದ್ದವರು ಜೈ ಎಂದರು. ಸಂಜೆಯೊಳಗೆ ಬೀದಿಯ ಬಾಯಲ್ಲಿ ಬ್ಯಾನರು ಏರಿತು: ಅವರ ನಗುಮುಖ, ಕೆಳಗೆ ದಪ್ಪ ಅಕ್ಷರದಲ್ಲಿ ‘ಹೇಳೋಕೆ ಆಗಲ್ಲ’.

ಎದುರಾಳಿ ಸುಮ್ಮನಿರುತ್ತಾನೆಯೇ? ಅವನೂ ಬಂದ, ಅವನಿಗೂ ಅದೇ ಉತ್ತರ ಸಿಕ್ಕಿತು. ಆಮೇಲೆ ಊರು ಕಟ್ಟೆಯೊಡೆಯಿತು. ಮಗಳ ಮದುವೆ ಮಾತಾಡಲು ಹೊರಟವರು ದಾರಿಯಲ್ಲಿ ಇಳಿದು ಒಂದು ‘ಹೇಳೋಕೆ ಆಗಲ್ಲ’ ಪಡೆದು ಹೋಗುತ್ತಿದ್ದರು. ಸಾಲಗಾರರಿಗೆ ಹೆದರಿ ಹಿಂದಿನ ಬಾಗಿಲಿಂದ ಓಡಾಡುತ್ತಿದ್ದವನೂ ಎದೆಯುಬ್ಬಿಸಿ ಬಂದು ಕೇಳಿದ. ಸರತಿ ಸಾಲು ಸಂಘದ ಮೆಟ್ಟಿಲಿಂದ ಇಳಿದು ಜೆರಾಕ್ಸ್ ಅಂಗಡಿ ದಾಟಿ ತಿರುವಿನವರೆಗೆ ಹೋಯಿತು. ನಿಜವಾಗಿ ಊರುಗೋಲು ಬೇಕಾದವರು ಒಳಗೆ ಬರಲಾಗದೆ, ನಾನು ಕಿಟಕಿಯಿಂದ ಕೊಡಬೇಕಾಯಿತು. ಮಾವ ಒಬ್ಬೊಬ್ಬರ ಮುಖಕ್ಕೂ ತಿರುಗಿ, ಒಬ್ಬರಿಗೂ ಹೆಚ್ಚಿಲ್ಲ ಒಬ್ಬರಿಗೂ ಕಮ್ಮಿಯಿಲ್ಲ ಎನ್ನುವಂತೆ ಒಂದೇ ರಾಗದಲ್ಲಿ ಹೇಳುತ್ತಿದ್ದ.

ಆ ಸಾಲು ರಸ್ತೆಗೆ ಅಡ್ಡವಾದದ್ದರಿಂದಲೇ ಡ್ರೈವಿಂಗ್ ಸ್ಕೂಲಿನ ಅಕ್ಕನ ಕಾರು ನಿಂತದ್ದು. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಏನ್ರೋ ಇದು, ನಿಮ್ಮಪ್ಪಂದಾ ರಸ್ತೆ? ಪಕ್ಕಕ್ಕೆ ಹೋಗ್ತೀರೋ, ಗೇರು ಹಾಕ್ಲೋ?” ಎಂದು ಗುಡುಗಿದರು. ಸಾಲು ಗೋಡೆಗೆ ಅಂಟಿಕೊಂಡಿತು.

ಸಾಲಿನಲ್ಲಿ ಅವರ ಕಿರಿಯ ತಮ್ಮನೂ ಇದ್ದ. ಅವನಿಗೆ ಕೀಟಲೆ. “ಡಂಗುರಣ್ಣ, ನಮ್ಮಕ್ಕ ಕೊಟ್ಟಿರಬಹುದಾ ವ್ಯಾನು?” ಎಂದು ಕೂಗಿದ.

ಮಾವನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಹಣೆಯಿಂದ ಬೆವರು ಇಳಿದು ಕನ್ನಡಕದ ಒಳಗೆ ಹೋಯಿತು. ಅವನಿಗೆ ಬಿಸಿಲಿಗೆ ಹೀಗಾಯಿತೆಂದು ನಾನು ನೀರು ತರಲು ಎದ್ದೆ.

“ಹೇಳೋಕೆ ಆಗಲ್ಲ.”

ರಸ್ತೆಗೆ ರಸ್ತೆಯೇ ನಕ್ಕಿತು. ಔಷಧಿಯವರು ಹೊಟ್ಟೆ ಹಿಡಿದುಕೊಂಡರು. ಕಂಟ್ರಾಕ್ಟರ ಕಣ್ಣಲ್ಲಿ ನೀರು ಬಂತು. ಜೆರಾಕ್ಸ್ ಅಣ್ಣ ಸಹ, ಎಷ್ಟೋ ದಿನಗಳ ನಂತರ, ಬಾಯ್ತುಂಬ ನಕ್ಕ. ಅಕ್ಕ, “ಹಲ್ಲು ಕಿರೀಬೇಡಿ!” ಎಂದು ಗದರಿ, ಪಕ್ಕದಲ್ಲಿ ನಡುಗುತ್ತಿದ್ದ ಕಲಿಯುವವಳಿಗೆ ಗಾಡಿ ಹೊರಡಿಸಲು ಹೇಳಿದರು.

ಸಾಲಿನ ಕೊನೆಯಲ್ಲಿ ನಮ್ಮ ಅತ್ತೆ ನಿಂತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಮಾವ ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದ.

“ನನ್ನ ವಿಷಯ?” ಎಂದಳು ಅತ್ತೆ.

“ನಿನಗೇ ಗೊತ್ತಲ್ಲೇ.”

“ಎಲ್ಲರಿಗೂ ಹೇಳಿದ್ದನ್ನ ನನಗೂ ಹೇಳಿ.”

“ಹೇಳೋಕೆ ಆಗಲ್ಲ,” ಎಂದ ಮಾವ. ದನಿ ಮಾತ್ರ ಸ್ವಲ್ಪ ಬೇರೆಯಾಗಿತ್ತು. ಅತ್ತೆ ಸೆರಗು ಸರಿಪಡಿಸಿಕೊಂಡು, ಬೀದಿಯುದ್ದಕ್ಕೂ ಯಾರ ಮುಖವನ್ನೂ ನೋಡದೆ ರಾಣಿಯ ಹಾಗೆ ನಡೆದು ಹೋದಳು. ಆ ರಾತ್ರಿಯ ಊಟಕ್ಕೆ ಪಾತ್ರೆಗಳ ಸದ್ದು ಇರಲಿಲ್ಲ.

ಊರಿಗೆ ಊರೇ ದಾನಿಯಾದ ಮೇಲೆ ಜೆರಾಕ್ಸ್ ಅಣ್ಣನನ್ನು ಕೇಳುವವರು ಯಾರು? ಅವನ ಹೆಂಡತಿಯೂ, “ಪಾಪ, ಇವರಲ್ಲ ಅಂತ ಕಾಣುತ್ತೆ,” ಎಂದು ಬಿಟ್ಟುಬಿಟ್ಟಳು. ಗಿರಾಕಿಗಳು ಮತ್ತೆ ಕಾಸು ಕೊಡತೊಡ‌ಗಿದರು. ಒಂದು ದಿನ ಅವನು ನಮ್ಮಲ್ಲಿಗೆ ಬಂದು, ಬಸ್ಸಿನಲ್ಲಿ ಅಷ್ಟು ದೂರ ನಿಂತೇ ಬಂದೆ, ಒಬ್ಬರೂ ಏಳಲಿಲ್ಲ ಎಂದು ಸ್ವಲ್ಪ ಬೇಸರದಿಂದಲೇ ಹೇಳಿದ.

ವರ್ಷಗಳು ಕಳೆದವು. ವ್ಯಾನು ಓಡಿ ಓಡಿ ಬಿಳಿ ಬಣ್ಣ ಮಾಸಿತು. ಅಕ್ಕನ ಮೊಣಕಾಲು ಹೋಯಿತು, ಡ್ರೈವಿಂಗ್ ಸ್ಕೂಲು ಮುಚ್ಚಿದರು. ನಮ್ಮದೇ ಸಂಘದ ವಾಕರು ಹಿಡಿದು ನಮ್ಮ ವಾರ್ಷಿಕ ಸಭೆಗೆ ಬಂದು, ಮಾವನ ಕೈಗೊಂದು ಕಾಗದ ಕೊಟ್ಟರು. “ಒಪ್ಪಿಗೆ ಬರೆದಿದ್ದೀನಿ. ಇನ್ನು ಯಾರೂ ನನಗೆ ಹೆದರಬೇಕಾಗಿಲ್ಲ. ಹೇಳಿಬಿಡು, ನಿನ್ನ ಹೊಟ್ಟೆನೋವೂ ಹೋಗ್ಲಿ.”

ಮಾವ ಕಾಗದವನ್ನು ವಕೀಲರಿಗೆ ತೋರಿಸಿ ಸರಿಯಿದೆ ಎನ್ನಿಸಿಕೊಂಡ. ವೇದಿಕೆ ಹತ್ತಿದ. ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿದ. ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

“ಆ ವ್ಯಾನು ಕೊಟ್ಟದ್ದು ಡ್ರೈವಿಂಗ್ ಸ್ಕೂಲಿನ ಅಕ್ಕ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಮುಂದಿನ ಸಾಲಿಗೆ ಹಬ್ಬಿತು.

“ಡಂಗುರಣ್ಣ, ಅಕ್ಕನಿಗೆ ಹೆದರಿ ಹೇಳ್ತಿದ್ದೀರಾ?” ಎಂದರು ಕಂಟ್ರಾಕ್ಟರು.

“ಹೌದ್ರೋ, ನಾನೇ ಕೊಟ್ಟಿದ್ದು!” ಎಂದು ಅಕ್ಕ ವಾಕರನ್ನು ನೆಲಕ್ಕೆ ಕುಟ್ಟಿದರು.

“ಎಲ್ಲರೂ ಹಾಗೇ ಅಂತಾರಕ್ಕಾ,” ಎಂದು ಜೆರಾಕ್ಸ್ ಅಣ್ಣ ಸಮಾಧಾನ ಮಾಡಿದ. “ವಯಸ್ಸಾಯ್ತು ನಿಮಗೆ, ಕೂತ್ಕೊಳ್ಳಿ.” ಎಲ್ಲರಿಗಿಂತ ಜೋರಾಗಿ ನಕ್ಕವನು ಅವರ ಕಿರಿಯ ತಮ್ಮ. ಮಾವ ಒಪ್ಪಿಗೆಯ ಕಾಗದವನ್ನು ಎತ್ತಿ ತೋರಿಸಿದ. ಒಂದು ಆದೇಶ ಊರೆಲ್ಲ ಹಂಚಿಹೋಗಿದ್ದನ್ನು ಕಂಡ ಜನ, ಕಾಗದ ಎಂದರೆ ಇನ್ನೂ ನಕ್ಕರು. ಡಾಕ್ಟರಮ್ಮ, “ಮುಂದಿನ ವಿಷಯ, ಗಾಳಿಹಾಸಿಗೆ,” ಎಂದರು.

ಅಕ್ಕ ನನ್ನ ಪಕ್ಕದಲ್ಲಿ ಕೂತಿದ್ದರು. ಅತ್ತರೇನೋ ಎಂದು ಬಗ್ಗಿ ನೋಡಿದೆ. ಬಾಯಿಗೆ ಸೆರಗು ತುರುಕಿಕೊಂಡು, ಮೈ ಕುಲುಕುವಂತೆ ನಗುತ್ತಿದ್ದರು.

ಮನೆಯಲ್ಲಿ ಅತ್ತೆ ಮಾತ್ರ ಮಾವನ ಹುಬ್ಬನ್ನು ಬಹಳ ಹೊತ್ತು ನೋಡಿದಳು. “ನಿಜವಾಗ್ಲೂ ಅಕ್ಕನೇನಾ?”

“ನಿಜ ಕಣೇ.”

“ಹಾಗಾದ್ರೆ ನಾನಲ್ಲ ಅಂತಾಯ್ತು,” ಎಂದಳು, ಕೊಂಚ ಪೆಚ್ಚಾಗಿ. ಆಮೇಲೆ ತಟ್ಟೆ ಹಾಕಿ ಅವನನ್ನು ಕೂರಿಸಿ, ತಾನೂ ಎದುರಿಗೆ ಕೂತಳು. ಮಾವ ಮಾತಾಡತೊಡಗಿದ. ಕಾನೂನಿನ ಕೆಳಗೆ ಬಾರದ ಎಷ್ಟೋ ಸುದ್ದಿ ಅವನಲ್ಲಿ ಕೂಡಿಬಿದ್ದಿತ್ತು. ಡಾಕ್ಟರಮ್ಮನ ಬಾಯಲ್ಲಿರುವ ಹಲ್ಲೆಲ್ಲ ಕಟ್ಟಿಸಿದ್ದೆಂದೂ, ಸಭೆ ಉದ್ದವಾದರೆ ಅವರು ಮೇಜಿನ ಕೆಳಗೆ ಅದನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿಟ್ಟುಕೊಳ್ಳುತ್ತಾರೆಂದೂ ಹೇಳುವಾಗ ಅನ್ನ ಆರಿಹೋಗಿತ್ತು. “ಕೆಳಗಿನ ಹಲ್ಲಾ, ಮೇಲಿನ ಹಲ್ಲಾ?” ಎಂದು ಅತ್ತೆ ಸಾರಿನ ಸೌಟು ಹಿಡಿದೇ ಕೇಳುತ್ತಿದ್ದಳು.